ಖುಂಬು ಪಾಸಾಂಗ್ ಲ್ಹಾಮು: ಒಂದೇ ಬೆಟ್ಟಕ್ಕೆ ಎಷ್ಟು ಯಜಮಾನರು?

ನೇಪಾಳದ ಸಾಗರಮಾಥಾ (ಎವರೆಸ್ಟ್) ರಾಷ್ಟ್ರೀಯ ಉದ್ಯಾನ ಅಂದ ಕೂಡಲೇ ಪರೀಕ್ಷೆಗೆ ಓದುವ ನಾವು 1976ರಲ್ಲಿ ಸ್ಥಾಪನೆ, 1148 ಚದರ ಕಿ.ಮೀ., 1979ರಲ್ಲಿ ಯುನೆಸ್ಕೊ ಪಟ್ಟಿ ಅಂತ ಬರೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ಅಷ್ಟು ಸಾಲದು. ಎವರೆಸ್ಟ್‌ನ ಬುಡದಲ್ಲಿ ಜನ ಬದುಕುತ್ತಿದ್ದಾರೆ, ಅವರಿಗೊಂದು ಚುನಾಯಿತ ಸ್ಥಳೀಯ ಸರ್ಕಾರವೂ ಇದೆ. ಅಲ್ಲಿನ ಕಾಡಿನ ಮೇಲೆ ಯಾವಾಗ ಯಾರ ಮಾತು ನಡೆಯಿತು ಅನ್ನೋದನ್ನು ಹಿಡಿದುಕೊಳ್ಳಿ, ಈ ಅಧ್ಯಾಯದ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಸ್ಥಳೀಯ ಸರ್ಕಾರ. 2015ರ ಸಂವಿಧಾನದ ನಂತರ, 2017ರಲ್ಲಿ ನೇಪಾಳ ತನ್ನ ಹಳೇ ಗ್ರಾಮ ಸಮಿತಿಗಳನ್ನು ಸೇರಿಸಿ 753 ಸ್ಥಳೀಯ ಆಡಳಿತಗಳನ್ನು ಮಾಡಿತು. ಅದರಲ್ಲಿ 460 ಗಾಂವ್‌ಪಾಲಿಕೆಗಳು, ಅಂದರೆ ಗ್ರಾಮೀಣ ಪಾಲಿಕೆಗಳು. ಇದನ್ನು ನಮ್ಮ ಗ್ರಾಮ ಪಂಚಾಯಿತಿ ಅಂದುಕೊಂಡು ಓದಿದರೆ ತಪ್ಪಾಗುತ್ತದೆ. ಇದಕ್ಕೆ ಸ್ವಂತ ಸಭೆ ಇದೆ, ಸ್ವಂತ ಬಜೆಟ್ ಇದೆ, ತನ್ನ ವ್ಯಾಪ್ತಿಯಲ್ಲಿ ಕಾನೂನು ಮಾಡುವ ಅಧಿಕಾರವೂ ಇದೆ. ಸೊಲುಖುಂಬು ಜಿಲ್ಲೆಯ ನಾಮ್ಚೆ, ಖುಮ್‌ಜುಂಗ್, ಚೌರಿಖರ್ಕ ಸೇರಿ ಖುಂಬು ಪಾಸಾಂಗ್ ಲ್ಹಾಮು ಪಾಲಿಕೆ ಆಯಿತು. 1993ರಲ್ಲಿ ಎವರೆಸ್ಟ್ ಏರಿದ ಮೊದಲ ನೇಪಾಳಿ ಮಹಿಳೆ ಪಾಸಾಂಗ್ ಲ್ಹಾಮು ಶೆರ್ಪಾ ಅವರ ಹೆಸರು ಅದು. ಅವರು ಇಳಿಯುವಾಗ ತೀರಿಕೊಂಡರು.

ಈಗ ಹಿಂದಕ್ಕೆ ಹೋಗೋಣ, ಯಾಕೆಂದರೆ ಅಸಲಿ ವಿಷಯ ಇರೋದು ಅಲ್ಲೇ. ಪಾಲಿಕೆ, ಉದ್ಯಾನ ಯಾವುದೂ ಇಲ್ಲದ ಕಾಲದಲ್ಲೂ ಖುಂಬು, ಅಂದರೆ ಎವರೆಸ್ಟ್ ಬುಡದ ಈ ಪ್ರದೇಶದ ಕಾಡಿಗೆ ಕಾವಲು ಇತ್ತು. ಊರಿನವರೇ ತಮ್ಮಲ್ಲಿ ಒಬ್ಬರನ್ನು ‘ನಾವಾ’ ಅಂತ ನೇಮಿಸುತ್ತಿದ್ದರು. ಯಾಕ್‌ಗಳು ಯಾವಾಗ ಯಾವ ಹುಲ್ಲುಗಾವಲಿಗೆ ಹೋಗಬಹುದು ಅನ್ನೋದನ್ನು ನೋಡಿಕೊಳ್ಳುವ ನಾವಾ ಬೇರೆ, ಕಾಡು ಕಾಯುವ ‘ಶಿಂಗಿ ನಾವಾ’ ಬೇರೆ. ಹಸಿ ಮರ ಕಡಿದವರಿಗೆ ದಂಡ ಬೀಳುತ್ತಿತ್ತು. 1957ರಲ್ಲಿ ಸರ್ಕಾರ ಕಾಡನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಇಲ್ಲಿಂದ ಊರಿನವರ ಕೈಯಲ್ಲಿದ್ದ ಅಧಿಕಾರ ಕಾಗದದ ಮೇಲೆ ದೂರದ ಕಚೇರಿಗೆ ಹೋಯಿತು, ಆದರೆ ಆ ಕಚೇರಿಯವರು ಬೆಟ್ಟ ಹತ್ತಿ ಬಂದು ಕಾಯುವ ಹಾಗಿರಲಿಲ್ಲ, ಅದೇ ಹೊತ್ತಿಗೆ ಚಾರಣಿಗರೂ ಪರ್ವತಾರೋಹಿಗಳೂ ಬರತೊಡಗಿ ಸೌದೆಗೆ ಬೇಡಿಕೆ ಏರಿತು. ಎತ್ತರದಲ್ಲಿ ಬೆಳೆಯುವ ಜುನಿಪರ್ ಪೊದೆ ತೀರಾ ನಿಧಾನವಾಗಿ ಬೆಳೆಯುತ್ತದೆ. ಒಂದು ಸಂಜೆ ಒಲೆಗೆ ಹಾಕಿದ್ದು ಮತ್ತೆ ಚಿಗುರಿ ಬೆಳೆಯಲು ಹತ್ತಾರು ವರ್ಷ ಬೇಕು.

1976ರಲ್ಲಿ ನ್ಯೂಜಿಲೆಂಡ್‌ನ ನೆರವಿನಿಂದ ಉದ್ಯಾನ ಬಂತು, ಕಾವಲಿಗೆ ಸೈನ್ಯವೂ ಬಂತು. ಅಲ್ಲಿ ಬದುಕುತ್ತಿದ್ದ ಶೆರ್ಪಾ ಜನರಿಗೆ ಎತ್ತಂಗಡಿಯ ಭಯ ಇತ್ತು. ಅದು ಸುಮ್ನೆ ಹುಟ್ಟಿದ ಭಯವಲ್ಲ. ಅದೇ ಕಾಲದಲ್ಲಿ ಪಶ್ಚಿಮದ ರಾರಾ ಉದ್ಯಾನಕ್ಕಾಗಿ ಅಲ್ಲಿನ ಹಳ್ಳಿಗಳನ್ನು ಖಾಲಿ ಮಾಡಿಸಿ ಜನರನ್ನು ತರಾಯಿ ಬಯಲಿಗೆ ಕಳಿಸಲಾಯಿತು. ಖುಂಬುವಿನಲ್ಲಿ ಹಾಗಾಗಲಿಲ್ಲ. ಹಳ್ಳಿಗಳನ್ನು ಉದ್ಯಾನದ ಗಡಿಯಿಂದ ಹೊರಗಿಟ್ಟರು. ನಕ್ಷೆಯಲ್ಲಿ ನೋಡಿದರೆ ಸುತ್ತಲೂ ಉದ್ಯಾನ, ನಡುನಡುವೆ ದ್ವೀಪಗಳ ಹಾಗೆ ಊರುಗಳು. ನನ್ನ ಪ್ರಕಾರ ಖುಂಬುವಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ.

2002ರಲ್ಲಿ 275 ಚದರ ಕಿ.ಮೀ. ಮಧ್ಯಂತರ ವಲಯ (ಬಫರ್ ಝೋನ್) ಘೋಷಣೆಯಾಯಿತು. ಇಲ್ಲಿ ಬಹಳ ಜನ ಎಡವುತ್ತಾರೆ, ಗಮನಿಸಿ: ಮಧ್ಯಂತರ ವಲಯ ಅಂದರೆ ಉದ್ಯಾನದ ಹೊರಗಿನ ಪಟ್ಟಿ ಮಾತ್ರ ಅಲ್ಲ, ಒಳಗಿರುವ ಆ ಊರುಗಳೂ ಅದರಲ್ಲಿ ಸೇರುತ್ತವೆ. ಉದ್ಯಾನದ ಆದಾಯದಲ್ಲಿ ಶೇ. 30ರಿಂದ 50ರಷ್ಟನ್ನು ಸ್ಥಳೀಯರ ಸಮಿತಿಗಳ ಮೂಲಕ ಖರ್ಚು ಮಾಡಲು ನೇಪಾಳದ ಕಾನೂನು ಅವಕಾಶ ಕೊಡುತ್ತದೆ. ಕಳೆದುಕೊಂಡ ಅಧಿಕಾರ ಸ್ವಲ್ಪ ಮಟ್ಟಿಗೆ ದುಡ್ಡಿನ ರೂಪದಲ್ಲಿ ವಾಪಸ್ ಬಂತು ಅನ್ನಬಹುದು. ಪೂರ್ತಿ ಅಲ್ಲ.

ಹೀಗೆ ಪಾಲಿಕೆ, ಉದ್ಯಾನ ಎರಡೂ ಇರೋದರಿಂದ ಚಾರಣಕ್ಕೆ ಹೋದವರು ಎರಡು ಕಡೆ ಶುಲ್ಕ ಕಟ್ಟಿ ರಸೀದಿ ತಗೋಬೇಕು. ಒಂದು ಪಾಲಿಕೆಯದು, ಇನ್ನೊಂದು ಉದ್ಯಾನದ್ದು. ಉದ್ಯಾನದ ಗೇಟು ಮೊಂಜೊದಲ್ಲಿದೆ, ಭಾರತೀಯರಿಗೆ ಅಲ್ಲಿ ಸಾರ್ಕ್ ದೇಶದವರ ಕಡಿಮೆ ದರ. ಕಾಡು, ಪ್ರಾಣಿ ಉದ್ಯಾನದ ಪಾಲು. ಕಸದ ವಿಷಯದಲ್ಲಿ ಪಾಲಿಕೆ ಜೋರಾಗಿದೆ. 2020ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧ ಮಾಡಿದ್ದು ಪಾಲಿಕೆಯೇ. 2024ರಲ್ಲಿ ಇನ್ನೊಂದು ನಿಯಮ ತಂದಿತು: ಎವರೆಸ್ಟ್ ಏರುವವರು ತಮ್ಮ ಮಲವನ್ನೂ ಚೀಲದಲ್ಲಿ ತುಂಬಿಕೊಂಡು ಬೇಸ್ ಕ್ಯಾಂಪ್‌ಗೆ ತರಬೇಕು, ಅಲ್ಲಿ ತಪಾಸಣೆ ಆಗುತ್ತದೆ. ಓದಲು ಮುಜುಗರ ಆಗಬಹುದು, ಆದರೆ ಕಾರಣ ಸರಳ. ಆ ಚಳಿಯಲ್ಲಿ ಅದು ಕೊಳೆಯೋದೇ ಇಲ್ಲ. ಬಂಡೆ, ಹಿಮದ ಮೇಲೆ ಹಾಗೇ ಉಳಿಯುತ್ತದೆ, ಹಿಮ ಕರಗಿದ ನೀರನ್ನು ಕುಡಿಯೋದು ಕೆಳಗಿನವರು.

ಇದೇ ಉದ್ಯಾನದೊಳಗಿನ ಗೋಕ್ಯೊ ಸರೋವರಗಳನ್ನೂ ಬಿಡಬೇಡಿ. 2007ರಿಂದ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), ಎತ್ತರ 4700 ಮೀಟರ್‌ಗೂ ಜಾಸ್ತಿ.

ಕೊನೆಯದಾಗಿ, ಯಾವ ಗೇಟೂ ತಡೆಯಲಾಗದ ಒಂದು ಅಪಾಯ. 1985ರ ಆಗಸ್ಟ್‌ನಲ್ಲಿ ಡಿಗ್ ತ್ಸೊ ಎಂಬ ಹಿಮನದಿ ಸರೋವರ ಒಡೆದು, ಇನ್ನೇನು ಮುಗಿಯಲಿದ್ದ ಸಣ್ಣ ಜಲವಿದ್ಯುತ್ ಸ್ಥಾವರವನ್ನು ಕೊಚ್ಚಿಕೊಂಡು ಹೋಯಿತು. ಸೌದೆ ಉಳಿಸಲೆಂದೇ ಬೇಕಾಗಿದ್ದ ಕರೆಂಟು ಅದು. 2024ರ ಆಗಸ್ಟ್ 16ರಂದು ಥಾಮೆ ಊರಿನ ಮೇಲೆ ಮತ್ತೆ ಅಂಥದೇ ಪ್ರವಾಹ ಬಂತು. ಹಗಲಾಗಿದ್ದರಿಂದ ಜನ ಓಡಿ ಜೀವ ಉಳಿಸಿಕೊಂಡರು. ಶಾಲೆ, ಆರೋಗ್ಯ ಕೇಂದ್ರ, ಮನೆಗಳು ಹೋದವು. ಸರೋವರ ಇರೋದು ಮೇಲೆ ಉದ್ಯಾನದ ನೆಲದಲ್ಲಿ, ನೀರು ನುಗ್ಗೋದು ಪಾಲಿಕೆಯ ಊರಿಗೆ. ಸಂರಕ್ಷಿತ ಪ್ರದೇಶದ ಆಡಳಿತದ ಬಗ್ಗೆ ಪ್ರಶ್ನೆ ಬಂದರೆ ಈ ಉದಾಹರಣೆಯನ್ನೇ ಬರೆಯಿರಿ.