ಊರು ಯಾವ ಪಕ್ಷದ್ದು ಅಂತ ಕೇಳುವ ಮುಂಚೆ

“ಈ ಊರು ಯಾವ ಪಕ್ಷದ್ದು ಸಾರ್?” ಚುನಾವಣಾ ಫಲಿತಾಂಶ ಓದುವುದೇ ಕೆಲಸವಾಗಿರುವ ನನ್ನಂಥವರನ್ನು ಟಿಕೆಟ್ ಆಕಾಂಕ್ಷಿಗಳು ಮೊದಲು ಕೇಳುವುದೇ ಇದನ್ನು. ನಾನು ತಿರುಗಿ ಕೇಳುತ್ತೇನೆ: ಯಾವ ಚುನಾವಣೆಯಲ್ಲಿ?

ಜಾರಿಕೊಳ್ಳುವ ಮಾತಲ್ಲ ಇದು. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. 1985ರ ಮಾರ್ಚ್‌ನಲ್ಲಿ ಇದೇ ಮತದಾರರು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನ ಕೊಟ್ಟರು. ಹಳೇ ಕಥೆ ಅನ್ನಬೇಡಿ. 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ 135 ಸ್ಥಾನ. ಮರುವರ್ಷ ಲೋಕಸಭೆಗೆ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ಇಷ್ಟು ಬೇಗ ಎಲ್ಲರ ಮನಸ್ಸೂ ತಿರುಗಿಬಿಟ್ಟಿತಾ? ಇಲ್ಲ. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಅನ್ನುವುದನ್ನು ಜನ ಬೇರೆ ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ.

ಸಣ್ಣ ಪಟ್ಟಣದಲ್ಲಿ ಇದಕ್ಕೆ ಮೂರನೆಯದೂ ಸೇರುತ್ತದೆ: ನಮ್ಮ ವಾರ್ಡಿಗೆ ಯಾರು? ಗ್ರಾಮ ಪಂಚಾಯಿತಿಯ ಹಾಗಲ್ಲ, ಪಟ್ಟಣ ಪಂಚಾಯಿತಿ ಮತ್ತು ಪುರಸಭೆಗೆ ಪಕ್ಷದ ಚಿಹ್ನೆಯ ಮೇಲೇ ಚುನಾವಣೆ ನಡೆಯುತ್ತದೆ. ಆದರೆ ಚಿಹ್ನೆ ನೋಡಿ ಒಲವು ಅಳೆಯಲು ಹೋದರೆ ಎಡವುತ್ತೀರಿ. ಇಡೀ ವಾರ್ಡಿನಲ್ಲಿ ಇರುವುದೇ ಸ್ವಲ್ಪ ಓಟು. ಅಭ್ಯರ್ಥಿಯ ಮುಖ, ಮನೆ, ಜಗಳ ಎಲ್ಲವೂ ಎಲ್ಲರಿಗೂ ಗೊತ್ತು. ಟಿಕೆಟ್ ತಪ್ಪಿದವರು ಪಕ್ಷೇತರರಾಗಿ ನಿಂತು ಗೆದ್ದು, ಅಧ್ಯಕ್ಷರ ಆಯ್ಕೆ ಹೊತ್ತಿಗೆ ಹಳೇ ಪಕ್ಷದ ಪಕ್ಕದಲ್ಲೇ ಕೂತಿರುತ್ತಾರೆ. ವಾರ್ಡಿನ ಮೀಸಲಾತಿ ಬದಲಾದರೆ ಕಳೆದ ಸಲ ಗೆದ್ದವರು ನಿಲ್ಲುವ ಹಾಗೇ ಇಲ್ಲ. ಆಗ ಅವರ ಹೆಂಡತಿಯೋ ತಮ್ಮನೋ ಪಕ್ಕದ ವಾರ್ಡಿನಲ್ಲಿ ಪ್ರಚಾರ ಶುರು ಮಾಡಿರುತ್ತಾರೆ. ಇದರಲ್ಲಿ ಪಕ್ಷದ ಓಟು ಎಷ್ಟು, ಮನುಷ್ಯನ ಓಟು ಎಷ್ಟು ಅಂತ ಬಿಡಿಸುವುದು ಸುಲಭವಲ್ಲ.

ನಾನು ನೆಚ್ಚಿಕೊಳ್ಳುವುದು ನಮೂನೆ 20ನ್ನು. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಬಿತ್ತು ಅನ್ನುವ ಅಂತಿಮ ಫಲಿತಾಂಶ ಪಟ್ಟಿ ಇದು. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಇದನ್ನು ಕೈಯಲ್ಲಿ ಹಿಡಿದವರು ಮೊದಲು ಶೇಕಡಾವಾರು ಹಾಕುತ್ತಾರೆ. ಎಡವಟ್ಟು ಆಗುವುದು ಅಲ್ಲೇ.

ಒಂದು ಲೆಕ್ಕ ಊಹಿಸಿಕೊಳ್ಳಿ. ಒಂದು ಬೂತಿನಲ್ಲಿ ಸಾವಿರ ಮತದಾರರು. ಹೋದ ಸಲ 620 ಜನ ಓಟು ಹಾಕಿದರು, ಒಂದು ಪಕ್ಷಕ್ಕೆ 300 ಬಿತ್ತು. ಅಂದರೆ ಶೇ 48. ಈ ಸಲ 720 ಜನ ಬಂದರು, ಆ ಪಕ್ಷಕ್ಕೆ ಮತ್ತೆ 300. ಈಗ ಶೇ 42. “ನಮ್ಮವರೇ ಕೈಕೊಟ್ಟರು” ಅಂತ ಗಲಾಟೆ ಶುರು. ಆದರೆ ಹಳಬರು ಹಾಗೇ ಉಳಿದಿರಬಹುದು. ಹೆಚ್ಚಿಗೆ ಬಂದ ನೂರು ಜನ ಬೇರೆ ಕಡೆ ಹೋಗಿರಬಹುದು, ಅಷ್ಟೇ. ಅದಕ್ಕೇ ನಾನು ಶೇಕಡಾವಾರಿನ ಪಕ್ಕದಲ್ಲಿ ಮತಗಳ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತೇನೆ. ಇನ್ನೂ ಒಂದು ಮಾತು. ಕೆಲಸಕ್ಕೆಂದು ಊರು ಬಿಟ್ಟವರ, ತೀರಿಕೊಂಡವರ ಹೆಸರು ಪಟ್ಟಿಯಲ್ಲಿ ಹಾಗೇ ಉಳಿದಿದ್ದರೆ ಮತದಾನವೇ ಕಮ್ಮಿ ಕಾಣುತ್ತದೆ. ಅದನ್ನು ಜನರ ಬೇಸರ ಅಂತ ಓದಬೇಡಿ.

ಬೂತ್ ನಂಬರ್ ಮೇಲೂ ಕಣ್ಣಿರಲಿ. ಮತಗಟ್ಟೆ ಒಡೆದಾಗ, ಕೂಡಿಸಿದಾಗ ನಂಬರ್ ಬದಲಾಗುತ್ತದೆ. 2008ರಲ್ಲಿ ಕ್ಷೇತ್ರ ಪುನರ್‌ವಿಂಗಡಣೆಯಾದ ಮೇಲೆ ಅದರ ಹಿಂದಿನ ಲೆಕ್ಕವನ್ನು ನೇರವಾಗಿ ಹೋಲಿಸುವ ಹಾಗಿಲ್ಲ. ಅಂಚೆ ಮತಗಳಂತೂ ಯಾವ ಬೂತಿನ ಲೆಕ್ಕಕ್ಕೂ ಸೇರುವುದಿಲ್ಲ.

“ಆ ಬೂತಿನಲ್ಲಿ ಇಂಥವರೇ ಜಾಸ್ತಿ, ಹಾಗಾಗಿ ಅವರೆಲ್ಲ ಅವರಿಗೇ ಹಾಕಿದ್ದಾರೆ” ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಬೂತಿನ ಒಟ್ಟು ಮೊತ್ತದಿಂದ ಯಾವ ಜಾತಿ, ಯಾವ ಮನೆ ಏನು ಮಾಡಿತು ಅಂತ ಹೇಳಲು ಬರುವುದಿಲ್ಲ. ಆದರೂ ಹೇಳುತ್ತಾರೆ. ಮುಂದೆ ರಸ್ತೆ, ಚರಂಡಿ ಕೆಲಸ ಬಂದಾಗ “ನಿಮ್ಮ ಬೀದಿ ಲೀಡ್ ಕೊಟ್ಟಿಲ್ಲ ಅಲ್ವಾ” ಅನ್ನುತ್ತಾರೆ. ಇದನ್ನು ತಡೆಯಲು ಹಲವು ಬೂತುಗಳ ಮತವನ್ನು ಒಟ್ಟಿಗೆ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಅದನ್ನೇ ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ.

ಹಾಗಾಗಿ ನಾನು ನಾಲ್ಕೈದು ಬೂತುಗಳನ್ನು ಕೂಡಿಸಿಯೇ ವರದಿ ಕೊಡುತ್ತೇನೆ. ಬೀದಿ ಬೀದಿ ಲೆಕ್ಕ ಕೇಳಿದವರಿಗೆ ವೆಬ್‌ಸೈಟಿನ ವಿಳಾಸ ಬರೆದುಕೊಟ್ಟು ಸುಮ್ಮನಾಗುತ್ತೇನೆ.