ಹತ್ತನೇ ಪಿನ್ನು ಮತ್ತು ಬ್ಯಾನ್ ಆದ ಸ್ವಿಚ್

ನಿಂಟೆಂಡೊ ಸ್ವಿಚ್ ಎಂಬ ಗೇಮ್ ಕನ್ಸೋಲ್‌ನ ಬಲಗಡೆಯ ಜಾಯ್‌ಕಾನ್ (ಬಟನ್‌ಗಳಿರುವ ಹಿಡಿಕೆ) ಕಳಚಿದರೆ ಒಂದು ಉದ್ದನೆ ಹಳಿ ಕಾಣುತ್ತದೆ. ಅದರ ತಳದಲ್ಲಿ ಹತ್ತು ಪುಟ್ಟ ಪಿನ್‌ಗಳು. ಹತ್ತನೆಯದನ್ನು ಸರ್ಕ್ಯೂಟ್‌ನ ಗ್ರೌಂಡ್‌ಗೆ ಮುಟ್ಟಿಸಿ, ವಾಲ್ಯೂಮ್ ಪ್ಲಸ್ ಒತ್ತಿ ಹಿಡಿದು ಪವರ್ ಒತ್ತಿದರೆ ಪರದೆ ಕಪ್ಪಾಗೇ ಇರುತ್ತದೆ. ಕೆಟ್ಟುಹೋಯಿತು ಅಂತ ಗಾಬರಿಯಾಗಬೇಡಿ. ಅದು ರಿಕವರಿ ಮೋಡ್‌ಗೆ ಹೋಗಿದೆ, ಅಷ್ಟೆ.

2018ರಲ್ಲಿ ಬಯಲಾದ ದೋಷ ಇರುವುದು ಇಲ್ಲೇ. ಸ್ವಿಚ್‌ನೊಳಗಿನ ಟೆಗ್ರಾ ಎಕ್ಸ್1 ಚಿಪ್‌ನ ಬೂಟ್ ಕೋಡ್ (ಆನ್ ಮಾಡಿದಾಗ ಮೊದಲು ಓಡುವ ಕೋಡ್), ಯುಎಸ್‌ಬಿಯಿಂದ ಬರುವ ಡೇಟಾದ ಅಳತೆಯನ್ನು ಸರಿಯಾಗಿ ನೋಡುತ್ತಿರಲಿಲ್ಲ. ಫ್ಯಾಕ್ಟರಿ ದಾಟಿದ ಮೇಲೆ ಆ ಕೋಡ್ ತಿದ್ದುವಂತಿಲ್ಲ. ನಿಂಟೆಂಡೊ ಹೊಸದಾಗಿ ತಯಾರಾಗುವ ಸ್ವಿಚ್‌ಗಳಲ್ಲಿ ತೂತು ಮುಚ್ಚಿತು. ಹಳೆಯದನ್ನು ಮಾಡ್ ಮಾಡಿ, ಅಂದರೆ ಕಂಪನಿ ಒಪ್ಪದ ಸಾಫ್ಟ್‌ವೇರ್ ಓಡುವಂತೆ ಬದಲಿಸಿ, ಸಿಕ್ಕಿಬಿದ್ದರೆ ನಿಂಟೆಂಡೊದ ಆನ್‌ಲೈನ್ ಸೇವೆಯಿಂದ ಬ್ಯಾನ್.

ಈ ಬ್ಯಾನ್ ಬೀಳುವುದು ಕನ್ಸೋಲ್ ಮೇಲೆ, ಮಾಲೀಕನ ಮೇಲಲ್ಲ. ಮಾಡ್ ಮಾಡಿದವನು ಮಾರಿ ಕೈತೊಳೆದುಕೊಳ್ಳುತ್ತಾನೆ, ಕೊಂಡವನು ಅನುಭವಿಸುತ್ತಾನೆ. ಇದು ನನಗೆ ಒಪ್ಪಿಗೆಯಿಲ್ಲ. ಸೆಕೆಂಡ್ ಹ್ಯಾಂಡ್ ಸ್ವಿಚ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ವೈಫೈ ಹಾಕಿ ಇ-ಶಾಪ್ (ನಿಂಟೆಂಡೊದ ಆನ್‌ಲೈನ್ ಅಂಗಡಿ) ತೆರೆದು ನೋಡಿ. ಬ್ಯಾನ್ ತೆಗೆಯುವುದು ಯಾವ ರಿಪೇರಿಯವನ ಕೈಯಲ್ಲೂ ಇಲ್ಲ.

ಕಂಪನಿಗೆ ಯಾಕಿಷ್ಟು ಸಿಟ್ಟು? ಲಾಭ ಜಾಸ್ತಿ ಬರುವುದು ಡಬ್ಬದಿಂದಲ್ಲ, ಗೇಮ್‌ನಿಂದ. ಪೈರಸಿಗೆ ದಾರಿ ಮಾಡುವ ಸಾಧನ ಮಾರುತ್ತಿದ್ದ ಟೀಮ್ ಎಕ್ಸ್‌ಕ್ಯೂಟರ್‌ನ ಗ್ಯಾರಿ ಬೌಸರ್‌ಗೆ 2022ರಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಜೈಲು ವಿಧಿಸಿತು. ಅದು ವ್ಯಾಪಾರ, ಹವ್ಯಾಸ ಅಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದಾಗಲೇ ತಕರಾರು.

ಸೋನಿ ಕತೆ ನೋಡಿ. ಅದರ ಪಿಎಸ್3 (ಪ್ಲೇಸ್ಟೇಷನ್ 3) ಕನ್ಸೋಲ್ ಬಂದಾಗ ಅದರಲ್ಲಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಕಂಪನಿಯೇ ಅವಕಾಶ ಕೊಟ್ಟಿತ್ತು. 2010ರ ಆರಂಭದಲ್ಲಿ ಜಾರ್ಜ್ ಹಾಟ್ಜ್ ಎಂಬ ಹ್ಯಾಕರ್ ಆ ದಾರಿಯಿಂದ ಒಳಗೆ ಕೈ ಹಾಕಿದ. ಏಪ್ರಿಲ್ 1ರ ಅಪ್‌ಡೇಟ್‌ನಲ್ಲಿ ಸೋನಿ ಆ ಸೌಲಭ್ಯವನ್ನೇ ಕಿತ್ತುಹಾಕಿತು, ದುಡ್ಡು ಕೊಟ್ಟು ಕೊಂಡವರ ಮನೆಯಲ್ಲೇ! ಅದೇ ಡಿಸೆಂಬರ್‌ನಲ್ಲಿ ಫೇಲ್‌ಓವರ್‌ಫ್ಲೋ ಎಂಬ ಹ್ಯಾಕರ್ ತಂಡ ಬರ್ಲಿನ್‌ನಲ್ಲಿ ಸೋನಿಯ ಎಡವಟ್ಟನ್ನು ತೋರಿಸಿತು. ಸಾಫ್ಟ್‌ವೇರ್ ತನ್ನದೇ ಎಂದು ತೋರಿಸಲು ಕಂಪನಿ ಹಾಕುವ ಪ್ರತಿ ಡಿಜಿಟಲ್ ಸಹಿಗೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆ ಇರಬೇಕು, ಅಲ್ವಾ? ಸೋನಿ ಒಂದನ್ನೇ ಬಳಸಿತ್ತು. ಹಾಗಾಗಿ ಆ ಸಹಿ ಹಾಕುವ ಗುಟ್ಟಿನ ಕೀ ಸುಮ್ನೆ ಲೆಕ್ಕ ಮಾಡಿದರೇ ಸಿಗುತ್ತಿತ್ತು. ಲಿನಕ್ಸ್ ಇದ್ದಷ್ಟು ದಿನ ಹವ್ಯಾಸಿಗಳಿಗೆ ಬೀಗ ಒಡೆಯುವ ಗರಜು ಇರಲಿಲ್ಲ ಎಂಬುದು ಆ ತಂಡದ ವಾದ. ನನಗೂ ಹಾಗೇ ಅನಿಸುತ್ತದೆ.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಗೂ ಆದಾಯ ಗೇಮ್ ಮಾರಾಟದಿಂದಲೇ. ಆದರೆ ಅದರ ಸ್ಟೀಮ್ ಡೆಕ್ ಕೈಯಲ್ಲಿ ಹಿಡಿದು ಆಡುವ ಒಂದು ಲಿನಕ್ಸ್ ಪಿಸಿ, ಕಾಯಬೇಕಾದ ಬೀಗವೇ ಇಲ್ಲ. 2021ರಲ್ಲಿ ಕಂಪನಿಯೇ ಅದನ್ನು ಬಿಚ್ಚುವ ವಿಡಿಯೊ ಹಾಕಿತು. ಬಿಚ್ಚುವ ಹಕ್ಕು ನಿಮ್ಮದು, ಆದರೆ ದಯವಿಟ್ಟು ಬಿಚ್ಚಬೇಡಿ ಅಂತ ಹೇಳುತ್ತಲೇ ಪೂರ್ತಿ ಬಿಚ್ಚಿ ತೋರಿಸಿದರು. ಬಿಡಿಭಾಗಗಳು ರಿಪೇರಿ ಸಾಮಾನು ಮಾರುವ ಐಫಿಕ್ಸಿಟ್‌ನಲ್ಲಿ ಮಾರಾಟಕ್ಕೂ ಬಂದವು.

ಹಾಗಾಗಿ ಮೊದಲ ಮಾದರಿಯ ಡೆಕ್‌ನ ಸ್ಟಿಕ್ (ಹೆಬ್ಬೆರಳಿನಿಂದ ತಿರುಗಿಸುವ ಕೋಲು) ಹಾಳಾದರೆ ಮನೆಯಲ್ಲೇ ಬದಲಿಸಬಹುದು. ಹಿಂದೆ ಎಂಟು ಸ್ಕ್ರೂ ಇವೆ, ಉದ್ದದ್ದು ನಾಲ್ಕು, ಗಿಡ್ಡದ್ದು ನಾಲ್ಕು. ಬೇರೆ ಬೇರೆ ಬಟ್ಟಲಲ್ಲಿ ಇಟ್ಟುಕೊಳ್ಳಿ, ಅದಲುಬದಲಾದರೆ ಪ್ಲಾಸ್ಟಿಕ್ ಹಾಳಾಗುತ್ತದೆ.