ಧ್ಯಾನದಲ್ಲಿ ಏನು ಕಂಡಿತು ಅನ್ನುವುದು ಮುಖ್ಯವಲ್ಲ

ಧ್ಯಾನ ಕಲಿಸಲು ಶುರುಮಾಡಿದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. "ಹುಬ್ಬಿನ ನಡುವೆ ನೀಲಿ ಬೆಳಕು ಕಂಡಿತು. ಇದು ಎಷ್ಟನೇ ಹಂತ?" ಇದಕ್ಕೊಂದು ಜೋಡಿಯೂ ಇದೆ. "ಇಷ್ಟು ತಿಂಗಳಾದರೂ ಏನೂ ಕಾಣ್ತಿಲ್ಲ. ನನಗೆ ಧ್ಯಾನ ಒಗ್ಗಲ್ಲ, ಅಲ್ವಾ?" ಮೊದಲಿನವರು ಹಿಗ್ಗುತ್ತಾರೆ, ಎರಡನೆಯವರು ಬಿಟ್ಟೇಬಿಡುತ್ತಾರೆ. ಎರಡನೆಯವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಚೆನ್ನಾಗಿ ಕೂರುತ್ತಿದ್ದವರು ಸುಮ್ನೆ ಕೈಬಿಡುತ್ತಾರೆ.

ಕಣ್ಣು ಮುಚ್ಚಿ ಕೂತರೆ ಯಾರಿಗಾದರೂ ಬಣ್ಣ, ಚುಕ್ಕಿ ಕಾಣಬಹುದು. ನಿದ್ದೆಯ ಅಂಚಿಗೆ ಜಾರಿದಾಗ ಚಿತ್ರಗಳು, ದನಿಗಳು ಬರುವುದೂ ಉಂಟು. ಮಡಚಿದ ಕಾಲಲ್ಲಿ ನರ ಒತ್ತಿದರೆ ಜುಮ್ಮೆನ್ನುತ್ತದೆ. ಅದನ್ನೇ ಕುಂಡಲಿನಿ, ಅಂದರೆ ಯೋಗದಲ್ಲಿ ಹೇಳುವ ಸುಪ್ತ ಶಕ್ತಿ, ಎದ್ದಿತು ಅಂದುಕೊಂಡವರಿದ್ದಾರೆ. ಎಲ್ಲ ಅನುಭವವೂ ಇಷ್ಟೇ ಎಂದು ನಾನು ಹೇಳುವುದಿಲ್ಲ. ಆದರೆ ಬೆಳವಣಿಗೆಯನ್ನು ಅಳೆಯುವುದು ಅದರಿಂದಲ್ಲ. ಪತಂಜಲಿ ಯೋಗಸೂತ್ರದ ಮೂರನೇ ಪಾದದಲ್ಲಿ (ಅಧ್ಯಾಯದಲ್ಲಿ) ಸಿದ್ಧಿಗಳನ್ನು, ಅಂದರೆ ಅಸಾಮಾನ್ಯ ಶಕ್ತಿಗಳನ್ನು, ಹೇಳುತ್ತಾ ಹೋಗಿ, ನಡುವೆಯೇ ಇವು ಸಮಾಧಿಗೆ ಅಡ್ಡಿ ಎಂದು ಎಚ್ಚರಿಸಿದ್ದಾನೆ. ಝೆನ್ ಎಂಬ ಬೌದ್ಧ ಪಂಥದ ಸಾಧಕರು ಇಂಥ ನೋಟಗಳನ್ನು 'ಮಕ್ಯೋ' ಎನ್ನುತ್ತಾರೆ. ಬಂದರೆ ಬರಲಿ, ಬೆನ್ನು ಹತ್ತಬೇಡ ಎಂದೇ ಅಲ್ಲೂ ಕಲಿಸುವುದು.

ಹಿರಿಯರೊಬ್ಬರು ಕಂಡ ಬಣ್ಣಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ತುಂಬ ಶ್ರದ್ಧೆಯ ಮನುಷ್ಯ. ಒಮ್ಮೆ ಅವರ ಹೆಂಡತಿಯೂ ಬಂದಿದ್ದರು. ಮನೇಲಿ ಹೇಗಿರ್ತಾರೆ ಎಂದು ಕೇಳಿದೆ. "ಧ್ಯಾನದಿಂದ ಎದ್ದಾಗ ಪಾತ್ರೆ ಸದ್ದಾದ್ರೂ ರೇಗ್ತಾರೆ ಸರ್" ಅಂದರು.

ಬಣ್ಣ ಬರೆಯುವುದು ಬಿಡಿ, ಸಿಟ್ಟು ಬಂದದ್ದು ಯಾವಾಗ ಗೊತ್ತಾಯಿತು ಅಂತ ಬರೆಯಿರಿ ಎಂದೆ. ಮೊದಮೊದಲು ಪುಟದ ತುಂಬ "ರೇಗಿದ ಮೇಲೆ" ಎಂದೇ ಇತ್ತು. ಆಮೇಲೆ ಅಲ್ಲಲ್ಲಿ "ರೇಗುವಾಗಲೇ" ಎಂದು ಬಂತು. ಬಹಳ ದಿನಗಳ ನಂತರ ಒಂದು ಸಾಲು: "ದವಡೆ ಬಿಗಿಯಿತು. ಗೊತ್ತಾಯಿತು. ಮಾತಾಡಲಿಲ್ಲ." ಆಧ್ಯಾತ್ಮಿಕ ಬೆಳವಣಿಗೆ ಅಂತ ನಾನು ಕರೆಯುವುದು ಇದನ್ನೇ.

ಇದು ಹೇಗಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಲೇಬೇಕು. ಉಸಿರು ಗಮನಿಸುತ್ತಾ ಕೂರುತ್ತೀರಿ. ಮನಸ್ಸು ಎಲ್ಲಿಗೋ ಹೋಗುತ್ತದೆ. ಹೋಗಿದ್ದು ಗೊತ್ತಾಗುತ್ತದೆ. ವಾಪಸ್ ಬರುತ್ತೀರಿ. ಆ 'ಗೊತ್ತಾಗುವ' ಗಳಿಗೆ ಇದೆಯಲ್ಲ, ಅಭ್ಯಾಸ ಅಂದರೆ ಅದು. ಮನಸ್ಸು ಜಾಸ್ತಿ ಓಡಿದ ದಿನ ಅಷ್ಟೇ ಸಲ ವಾಪಸ್ ಬಂದಿದ್ದರೆ ಆ ದಿನದ ಧ್ಯಾನ ಕೆಟ್ಟಿಲ್ಲ. ಕೂತಾಗ ಪಳಗಿದ ಈ ಗಮನವೇ ಸಿಟ್ಟು, ಆಸೆ, ಹೊಟ್ಟೆಕಿಚ್ಚು ಏಳುವಾಗ ನಿಮಗೆ ಸುಳಿವು ಕೊಡುತ್ತದೆ. ಏನೂ ಕಾಣದವರಿಗೂ ಇದು ಪೂರ್ತಿ ದಕ್ಕುತ್ತದೆ.

ಇನ್ನು ಆರೋಗ್ಯದ ಮಾತು. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ಧ್ಯಾನದ ಬಗೆಗಿನ 47 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಆತಂಕ, ಖಿನ್ನತೆ, ನೋವು ಒಂದಿಷ್ಟು ತಗ್ಗುತ್ತವೆ ಎಂದು ಕಂಡಿತು. ಔಷಧಿ, ವ್ಯಾಯಾಮಕ್ಕಿಂತ ಧ್ಯಾನ ಮೇಲು ಎನ್ನಲು ಪುರಾವೆ ಸಿಗಲಿಲ್ಲ. ಹಾಗಾಗಿ ಧ್ಯಾನ ಶುರುವಾಯಿತೆಂದು ಮಾತ್ರೆ ನಿಲ್ಲಿಸಬೇಡಿ. ಕೂತಾಗ ಭಯ ಏರುತ್ತಿದ್ದರೆ, ಹಳೆಯ ಆಘಾತ ಉಕ್ಕಿ ಬಂದರೆ, ಎದ್ದ ಮೇಲೂ ದನಿಗಳು ಕೇಳುತ್ತಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಿ. ಸಾಧನೆಯಲ್ಲಿ ಇದೆಲ್ಲ ಇದ್ದದ್ದೇ ಎಂದು ಯಾರು ಹೇಳಿದರೂ ಸಹಿಸಿಕೊಂಡು ಕೂರಬೇಡಿ.